ದಾವಲಬಿ ಹುಡುಕಿಕೊಟ್ಟ ಲೇಖನಗಳು

ದಾವಲಬಿ ಯಾವುದನ್ನೂ ಒಂದೇ ಹೆಸರಿನಲ್ಲಿ ಹುಡುಕುತ್ತಿರಲಿಲ್ಲ. ಸಿಂದಗಿಯ ಪದವಿ ಕಾಲೇಜೊಂದರ ಗ್ರಂಥಾಲಯದಲ್ಲಿ ಯಾರಾದರೂ ಬಂದು ಪುಸ್ತಕ ಕೇಳಿದರೆ, ಕಪಾಟಿನ ಕಡೆ ಹೋಗುವ ಮೊದಲು ಅವಳು ಕೇಳುತ್ತಿದ್ದಳು: "ನಿಮಗ ಆ ಪುಸ್ತಕನ ಬೇಕೋ, ಅದರಾಗಿನ ವಿಷಯ ಬೇಕೋ?" ಬಹಳ ಜನಕ್ಕೆ ಬೇಕಾದದ್ದು ವಿಷಯವೇ ಆಗಿರುತ್ತಿತ್ತು. ಅದು ಅವರು ಹೇಳಿದ ಪುಸ್ತಕದಲ್ಲಿ ಇರುತ್ತಿರಲಿಲ್ಲ. ಅವಳು ಇನ್ನೊಂದನ್ನು ತಂದುಕೊಡುತ್ತಿದ್ದಳು.

ಹದಿನಾಲ್ಕು ವರ್ಷ ಅಲ್ಲಿ ತಾತ್ಕಾಲಿಕ ಸಹಾಯಕಿಯಾಗಿದ್ದು, ಕಳೆದ ಸೆಪ್ಟೆಂಬರಿನಲ್ಲಿ, ನಲವತ್ತೊಂದನೆಯ ವಯಸ್ಸಿಗೆ ಅವಳು ತೀರಿಕೊಂಡಳು. ಕಾಲೇಜಿನವರನ್ನು ಕೇಳಿದರೆ "ಭಾಳ ಚೊಲೋ ಹೆಣ್ಮಗಳು ಪಾಪ" ಎನ್ನುತ್ತಾರೆ. ಸುಳ್ಳಲ್ಲ. ಆದರೆ ಅಷ್ಟಕ್ಕೇ ಬಿಟ್ಟರೆ ಅವಳು ಏನು ಮಾಡಿದಳು, ಅವಳಿಗೆ ಏನು ಮಾಡಲಾಯಿತು ಎನ್ನುವುದು ಎಲ್ಲಿಯೂ ಉಳಿಯುವುದಿಲ್ಲ. ಅದು ಮೊದಲಿನಿಂದ ಕೊನೆಯವರೆಗೆ ಗೊತ್ತಿದ್ದವಳು ಒಬ್ಬಳೇ, ಅವಳ ಗೆಳತಿ ವಿದ್ಯಾವತಿ.

ಇಬ್ಬರೂ ಇಂಡಿಯಲ್ಲಿ ಪಿಯುಸಿ ಓದುವಾಗ ಒಂದೇ ಬೆಂಚಿನಲ್ಲಿ ಕುಳಿತವರು. ವಿದ್ಯಾವತಿ ಹೊರ್ತಿಯಿಂದ ಬರುತ್ತಿದ್ದಳು, ದಾವಲಬಿ ಅಗರಖೇಡದಿಂದ. ಅವಳ ತಂದೆ ಗೈಬುಸಾಬ ಭೀಮಾ ದಂಡೆಯ ಹೊಲಗಳಲ್ಲಿ ಕೆಟ್ಟ ಪಂಪ್‌ಸೆಟ್ ರಿಪೇರಿ ಮಾಡುತ್ತಿದ್ದ. ಮನೆಯಲ್ಲಿ ಅನ್ನಕ್ಕೆ ಕೊರತೆ ಇರಲಿಲ್ಲ. ಇದ್ದ ಕೊರತೆ ಅವಳ ಅವ್ವನದು. ಆಕೆ ವರ್ಷಗಟ್ಟಲೆ "ಎದಿ ಹಾರತೈತಿ" ಅನ್ನುತ್ತಿದ್ದಳು. ಒಲೆಯ ಮುಂದೆ ಕುಳಿತವಳು ಎದೆ ಹಿಡಿದುಕೊಂಡು ಎದ್ದು ಬಂದುಬಿಡುತ್ತಿದ್ದಳು. ಸೋಲಾಪುರಕ್ಕೆ ಕರೆದೊಯ್ದು ಇಸಿಜಿ ತೆಗೆಸಿದರು. "ಹೃದಯಕ್ಕೇನೂ ಆಗಿಲ್ಲ" ಎಂದರು ಡಾಕ್ಟರು. ಮನೆಯವರು ಅದನ್ನು "ಏನೂ ಆಗಿಲ್ಲ" ಎಂದು ತಿಳಿದುಕೊಂಡರು. ಅವತ್ತಿನಿಂದ ಆಕೆಯ ಮಾತನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಎರಡು ವರ್ಷಕ್ಕೆ ಯಾವುದೋ ಜ್ವರದಲ್ಲಿ ಆಕೆ ಹೋದಳು. ದಾವಲಬಿ ಆಗ ಪಿಯುಸಿ ಎರಡನೆಯ ವರ್ಷ. "ಏನೂ ಆಗದೇ ಇದ್ರ ಅಕಿ ಯಾಕ ಹಂಗ ಇದ್ಲು?" ಎಂದು ಬೆಂಚಿನಲ್ಲಿ ಕುಳಿತು ವಿದ್ಯಾವತಿಯನ್ನು ಒಂದೇ ಸಲ ಕೇಳಿದ್ದಳು.

ದಾವಲಬಿಯ ಮದುವೆಯಾಯಿತು, ಎರಡು ವರ್ಷಕ್ಕೆ ತವರಿಗೆ ಬಂದಳು, ಮಕ್ಕಳಿರಲಿಲ್ಲ. ಮನೆಯಲ್ಲಿ ಕುಳಿತೇ ಗ್ರಂಥಾಲಯ ವಿಜ್ಞಾನದ ಪದವಿ ಮಾಡಿಕೊಂಡು ಸಿಂದಗಿ ಸೇರಿದಳು. ವಿದ್ಯಾವತಿ ಮನಶ್ಶಾಸ್ತ್ರ ಓದಿ ಬಸವನ ಬಾಗೇವಾಡಿಯ ಸರ್ಕಾರಿ ಆಸ್ಪತ್ರೆಯಲ್ಲಿ ಆಪ್ತಸಮಾಲೋಚಕಿಯಾದಳು. ಅವಳ ಮುಂದೆ ಕುಳಿತ ಹೆಂಗಸರು ಖಿನ್ನತೆ ಎಂಬ ಪದವನ್ನು ಎಂದೂ ಹೇಳಲಿಲ್ಲ. "ಮೈಯೆಲ್ಲ ಉರೀತೈತ್ರಿ." "ಕೈಕಾಲಾಗ ಕಸುವಿಲ್ರಿ." "ಜೀವಕ್ಕ ಸಮಾಧಾನಿಲ್ರಿ." "ಎದಿ ಹಾರತೈತ್ರಿ." ಒಂದು ಮಧ್ಯಾಹ್ನ ಊಟದ ಹೊತ್ತಿನಲ್ಲಿ ಇವನ್ನೆಲ್ಲ ಫೋನಿನಲ್ಲಿ ಹೇಳುತ್ತಿದ್ದಾಗ ಆ ಕಡೆಯಿಂದ ದಾವಲಬಿ, "ತಡಿ ತಡಿ, ಬರಕೋತೇನಿ" ಎಂದಳು. ಹೀಗೆ ಶುರುವಾದ ಪಟ್ಟಿ ಮೂರು ವರ್ಷದಲ್ಲಿ ಅರವತ್ತೆರಡು ಮಾತುಗಳಿಗೆ ಬಂತು. ಇಂಡಿಯ ಕಡೆಯ ಮಾತು, ಮುದ್ದೇಬಿಹಾಳದ ಕಡೆಯ ಮಾತು, ಯಾವುದು ಎಲ್ಲಿಯದೆಂದು ಪಕ್ಕದಲ್ಲಿ ಬರೆದಿದ್ದಳು.

ಆ ಕಾಲೇಜಿಗೆ ಯುವರಾಜ ಮನಶ್ಶಾಸ್ತ್ರದ ಉಪನ್ಯಾಸಕನಾಗಿ ಬಂದದ್ದು ಆ ಹೊತ್ತಿಗೆ. ಮುದ್ದೇಬಿಹಾಳದ ಕಡೆಯವನು, ಮೂವತ್ತೆರಡು ವಯಸ್ಸು, ಮಾತು ಮೃದು. ಸಿಂದಗಿ, ಇಂಡಿ, ಬಾಗೇವಾಡಿ, ಮುದ್ದೇಬಿಹಾಳ, ಈ ನಾಲ್ಕು ತಾಲ್ಲೂಕಿನ ಹಳ್ಳಿಯ ಹೆಂಗಸರ ಮನೋವೇದನೆಯ ಮೇಲೆ ಪಿಎಚ್‌ಡಿ ಮಾಡುತ್ತಿದ್ದ. ಮೊದಲ ಕೆಲಸವಾಗಿ, ಇದುವರೆಗೆ ಬೇರೆಯವರು ಏನೇನು ಸಂಶೋಧಿಸಿದ್ದಾರೆ ಎಂಬುದನ್ನೆಲ್ಲ ಹುಡುಕಿ ಒಂದು ಪರಾಮರ್ಶೆ ಲೇಖನ ಬರೆಯಬೇಕಿತ್ತು. ಅವನು ಅದಕ್ಕಾಗಿ ಗ್ರಂಥಾಲಯಕ್ಕೆ ಬಂದ ದಿನ ವಿದ್ಯಾವತಿ ಯಾವುದೋ ತರಬೇತಿಗೆಂದು ಸಿಂದಗಿಗೆ ಬಂದವಳು ಗ್ರಂಥಾಲಯದಲ್ಲೇ ಕುಳಿತಿದ್ದಳು. ಯುವರಾಜ ಹಿಗ್ಗಿನಿಂದ ಲ್ಯಾಪ್‌ಟಾಪ್ ತಿರುಗಿಸಿ ತೋರಿಸಿದ. ತನ್ನ ಪ್ರಶ್ನೆಯನ್ನು ಇಡೀ ವಾಕ್ಯವಾಗಿ ಗೂಗಲ್‌ನಲ್ಲಿ ಬರೆದಿದ್ದ.

"ನೋಡ್ರಿ ಮೇಡಂ, ಆರು ಲಕ್ಷ ಬಂದಾವ!"

"ಆರು ಲಕ್ಷ ಬಂದಾವಂದ್ರ ಒಂದೂ ಬಂದಿಲ್ಲಂತ ತಿಳೀರಿ ಸರ್," ಎಂದಳು ದಾವಲಬಿ.

"ಹಂಗ್ಯಾಕಂತೀರಿ?"

"ಸಂತ್ಯಾಗ ನಿಂತು 'ಏ, ಇಲ್ಲಿ ಬಾರೋ' ಅಂತ ಒದರಿದಂಗಾತದು. ಎಲ್ಲಾರೂ ಹೊಳ್ಳಿ ನೋಡ್ತಾರ. ನಿಮಗ ಬೇಕಾದಂವ ಮಾತ್ರ ಬರೂದಿಲ್ಲ."

ಅವಳು ಮೂರು ಹಾಳೆ ತೆಗೆದು ಮೇಜಿನ ಮೇಲೆ ಸಾಲಾಗಿ ಇಟ್ಟಳು. ಇವು ಮೂರು ಬುಟ್ಟಿ ಎಂದಳು. ಮೊದಲನೆಯದರಲ್ಲಿ ಯಾರ ಬಗ್ಗೆ: ಹೆಂಗಸರು, ತಾಯಂದಿರು, ಕೂಲಿ ಹೆಣ್ಣಾಳುಗಳು. ಎರಡನೆಯದರಲ್ಲಿ ಏನು: ಖಿನ್ನತೆ, ಆತಂಕ, ಎದೆಬಡಿತ, ನಿಶ್ಶಕ್ತಿ, ತನ್ನ ಪಟ್ಟಿಯ ಅರವತ್ತೆರಡು ಮಾತುಗಳಿಗೆ ಹೊಂದುವ ಇಂಗ್ಲಿಷ್ ಪದಗಳು. ಮೂರನೆಯದರಲ್ಲಿ ಎಲ್ಲಿ: ರಾಜ್ಯ, ಜಿಲ್ಲೆ, ತಾಲ್ಲೂಕು. ಒಂದು ಬುಟ್ಟಿಯೊಳಗಿನ ಪದಗಳ ನಡುವೆ 'ಅಥವಾ' ಹಾಕಬೇಕು, ಯಾವುದಿದ್ದರೂ ಸರಿ. ಬುಟ್ಟಿ ಬುಟ್ಟಿಯ ನಡುವೆ 'ಮತ್ತು' ಹಾಕಬೇಕು, ಮೂರರಲ್ಲೂ ಇದ್ದದ್ದು ಮಾತ್ರ ಬರಬೇಕು.

"ಇನ್ನೊಂದೈತ್ರಿ. ನಿಮಗ ಮನ್ಯಾಗ ಏನಂತ ಕರೀತಾರ?"

ಯುವರಾಜ ನಾಚಿಕೊಂಡ. "ಪಪ್ಪೂ ಅಂತಾರ್ರಿ."

"ಕಾಲೇಜಿಗೆ ಬಂದು ಪಪ್ಪೂ ಎಲ್ಲಿ ಅಂದ್ರ ಯಾರರ ತೋರಸ್ತಾರೇನು? ಮನಿ ಹೆಸರು ಬ್ಯಾರೆ, ಸಾಲಿ ಹೆಸರು ಬ್ಯಾರೆ. ಒಂದೊಂದು ಡೇಟಾಬೇಸಿನ್ಯಾಗೂ ಹಂಗ. ಒಂದೊಂದು ಬ್ಯಾನಿಗೆ ಅವರು ಒಂದ ಸಾಲಿ ಹೆಸರು ಇಟ್ಟಿರ್ತಾರ, ಅದರ ಪಟ್ಟಿ ಅಲ್ಲೇ ಇರತೈತಿ. ನಮ್ಮ ಮಾತಿನ್ಯಾಗೂ ಕೇಳಬೇಕು, ಅವರ ಪಟ್ಟಿಯಾಗಿನ ಹೆಸರಿಲೇನೂ ಕೇಳಬೇಕು."

"ಇಷ್ಟಾದ ಮ್ಯಾಲೆ ಒಂದು ಚೊಲೋ ಲೇಖನ ಸಿಕ್ತಂತ ತಿಳೀರಿ," ಎಂದು ನಡುವೆ ವಿದ್ಯಾವತಿ ಬಾಯಿ ಹಾಕಿದಳು. ಈ ಪಾಠ ಅವಳಿಗೆ ಮೊದಲೇ ಆಗಿತ್ತು. "ಹೆಣ್ಣು ನೋಡಾಕ ಹೋದಾಗ ಹೆಂಗ ಕೇಳ್ತೀರಿ? ಅವರ ಹಿಂದಿನವರು ಯಾರು, ಈಗ ಅವರ ಕೂಡ ಯಾರು ಸಂಬಂಧ ಬೆಳಸ್ಯಾರ? ಹಂಗ. ಆ ಲೇಖನ ಯಾರ್‍ಯಾರನ್ನ ಉಲ್ಲೇಖ ಮಾಡೈತಿ ನೋಡ್ರಿ, ಆಮ್ಯಾಲೆ ಅದನ್ನ ಯಾರ್‍ಯಾರು ಉಲ್ಲೇಖ ಮಾಡ್ಯಾರ ನೋಡ್ರಿ."

ಯುವರಾಜ ಮೂರು ಹಾಳೆಗಳನ್ನೂ ನೋಡಿದ, ದಾವಲಬಿಯನ್ನೂ ನೋಡಿದ. "ನೀವು ಇಲ್ಲಿ ಯಾಕದೀರಿ ಅಕ್ಕ? ಯುನಿವರ್ಸಿಟ್ಯಾಗ ಇರಬೇಕಿತ್ತು."

ಆ ಕ್ಷಣದಿಂದ ಅವನಿಗೆ ಅವಳು ಅಕ್ಕ. ಅಕ್ಕ ಎಂದ ಮೇಲೆ ಅವಳು ಆ ಕೆಲಸವನ್ನು ತನ್ನ ಮನೆಯ ಕೆಲಸದಂತೆ ತೆಗೆದುಕೊಂಡಳು.

ಹದಿನಾಲ್ಕು ತಿಂಗಳು ಹುಡುಕಿದಳು. ಉದ್ದನೆಯ ಒಂದು ವಹಿ ಇಟ್ಟಿದ್ದಳು. ಯಾವ ದಿನ, ಯಾವ ಡೇಟಾಬೇಸ್, ಯಾವ ಪದಗಳನ್ನು ಹೇಗೆ ಜೋಡಿಸಿದ್ದು, ಎಷ್ಟು ಬಂದವು, ಎಷ್ಟನ್ನು ಇಟ್ಟುಕೊಂಡದ್ದು, ಉಳಿದವನ್ನು ಯಾಕೆ ಬಿಟ್ಟದ್ದು, ಎಲ್ಲ ಅದರಲ್ಲಿ. ಎರಡು ಸಾವಿರಕ್ಕೆ ಹತ್ತಿರ ಬಂದವುಗಳಲ್ಲಿ ಒಂದೇ ಲೇಖನ ಎರಡೆರಡು ಸಲ ಬಂದದ್ದನ್ನು ತೆಗೆದಳು. ಉಳಿದವುಗಳ ತಲೆಬರಹ ಓದಿ ತೆಗೆದಳು, ಸಾರಾಂಶ ಓದಿ ತೆಗೆದಳು. ಕೊನೆಗೆ ಎಪ್ಪತ್ನಾಲ್ಕು ಉಳಿದವು. ದೊಡ್ಡ ಡೇಟಾಬೇಸುಗಳನ್ನು ತೆರೆಯಲು ಕಾಲೇಜಿನ ಇಮೇಲ್ ವಿಳಾಸ ಬೇಕಾಗಿತ್ತು. ತಾತ್ಕಾಲಿಕ ಸಿಬ್ಬಂದಿಗೆ ಅದನ್ನು ಕೊಡುತ್ತಿರಲಿಲ್ಲ. ಹಾಗಾಗಿ ಖಾತೆಗಳೆಲ್ಲ ಯುವರಾಜನ ಹೆಸರಿನಲ್ಲಿದ್ದವು. ಅವಳು ಉಳಿಸಿಟ್ಟ ಹುಡುಕಾಟಗಳೆಲ್ಲ ಅಲ್ಲೇ ಇದ್ದವು.

"ನಿನ್ನ ಕಡೆ ಒಂದು ಕಾಪಿ ಇಟ್ಕೊಳ್ಳಬೇ," ಎಂದಿದ್ದಳು ವಿದ್ಯಾವತಿ.

"ಅಕ್ಕಾ ಅಂತಾನ. ಅಂವನ ಕಡೆ ಪಾವತಿ ಚೀಟಿ ಬರಸ್ಕೊಳ್ಳಲೇನು?" ಎಂದು ದಾವಲಬಿ ನಕ್ಕಳು.

ಅವಳು ಕೇಳದೆಯೇ ಯುವರಾಜ ಮಾತು ಕೊಟ್ಟಿದ್ದ. "ಪೇಪರಿನ್ಯಾಗ ಎರಡನೇ ಹೆಸರು ನಿಮ್ಮದು ಅಕ್ಕ. ಗೈಡ್ ಸರ್‌ದು ಮೂರನೇದು." ಆ ವರ್ಷವೇ ಕಾಲೇಜಿನ ಆಡಳಿತ ಮಂಡಳಿ ಗ್ರಂಥಾಲಯದ ಒಂದು ಕಾಯಂ ಹುದ್ದೆ ತುಂಬುವುದಾಗಿ ಹೇಳಿತ್ತು. ಪ್ರಕಟವಾದ ಸಂಶೋಧನಾ ಲೇಖನ ಇದ್ದವರಿಗೆ ಅಂಕ ಹೆಚ್ಚು. ಪ್ರತಿ ಜೂನ್‌ನಲ್ಲಿ ಹೊಸದಾಗಿ ಅರ್ಜಿ ಬರೆದು ಹಳೆಯ ಕುರ್ಚಿಯಲ್ಲಿ ಕೂರುವವಳಿಗೆ ಅದು ಸಣ್ಣ ಮಾತಲ್ಲ. ಆದರೆ ಅಗರಖೇಡಕ್ಕೆ ಹೋದಾಗ ತಮ್ಮ ತಬ್ರೇಜನಿಗೆ ಅವಳು ಹುದ್ದೆಯ ಮಾತು ಹೇಳಲಿಲ್ಲ. "ಅವ್ವನ ಬ್ಯಾನಿ ಬಗ್ಗೆ ಒಂದು ಕಾಗದ ಛಾಪಾ ಆಗತೈತಿ. ಅದರಾಗ ನನ್ನ ಹೆಸರಿರತೈತಿ," ಎಂದು ಹೇಳಿದ್ದಳು.

ನಡುವೆ ಅವಳಿಂದ ಒಂದು ತಪ್ಪಾಯಿತು. ಹುಡುಕಿದಾಗೆಲ್ಲ ಮಕ್ಕಳ ಮನಶ್ಶಾಸ್ತ್ರದ ಲೇಖನಗಳು ರಾಶಿ ರಾಶಿ ಬಂದು ಬೀಳುತ್ತಿದ್ದವು. ಅವುಗಳ ಕಾಟ ತಪ್ಪಿಸಲು, 'ಮಗು' ಎಂಬ ಪದ ಇದ್ದದ್ದು ಬೇಡ ಎಂದು ಹುಡುಕಾಟದ ಕೊನೆಗೆ ಸೇರಿಸಿಬಿಟ್ಟಳು. ಯಂತ್ರ ಹೇಳಿದಂತೆ ಕೇಳಿತು. ಮೂರು ತಿಂಗಳಾದ ಮೇಲೆ ಒಂದು ಬೆಳಿಗ್ಗೆ ಅವಳಿಗೆ ಹೊಳೆಯಿತು: ಈ ಭಾಗದ ಹೆಂಗಸರು ತಮ್ಮ ನೋವು ಹೇಳಲು ಶುರು ಮಾಡುವುದೇ ಮಕ್ಕಳಿಂದ. ಎಷ್ಟು ಹೆತ್ತೆ, ಎಷ್ಟು ಉಳಿದವು, ಯಾವ ಬಾಣಂತನದಲ್ಲಿ ಏನಾಯಿತು. ಅವರ ಬಗ್ಗೆ ಬರೆದ ಲೇಖನದಲ್ಲಿ ಮಗು ಎಂಬ ಪದ ಇಲ್ಲದಿರಲು ಸಾಧ್ಯವೇ ಇಲ್ಲ. ಮಕ್ಕಳನ್ನು ಹೊರಗೆ ಹಾಕಲು ಹೋಗಿ ಅವಳು ತಾಯಂದಿರನ್ನೆಲ್ಲ ಹೊರಗೆ ಹಾಕಿದ್ದಳು.

"ನನಗ ಮಕ್ಕಳಿಲ್ಲ ನೋಡು, ಅದಕ್ಕ ತಿಳೀಲಿಲ್ಲ," ಎಂದು ಫೋನಿನಲ್ಲಿ ತನ್ನನ್ನೇ ಹಂಗಿಸಿಕೊಂಡಳು. ಆ ಒಂದು ಪದ ತೆಗೆದು ಮತ್ತೆ ಹುಡುಕಿದಳು. ಎಪ್ಪತ್ನಾಲ್ಕರಲ್ಲಿ ಇಲ್ಲದ ಮೂವತ್ತೊಂದು ಹೊಸ ಲೇಖನ ಸಿಕ್ಕವು. ಅವುಗಳಲ್ಲಿ ಒಂದು, ಬಹಳ ಹಿಂದೆ ಯಾರೋ ಕೃಷ್ಣಾ ದಂಡೆಯ ಹಳ್ಳಿಗಳಲ್ಲಿ ಮಾಡಿದ ಸಣ್ಣ ಅಧ್ಯಯನ. ಎದೆ ಹಾರುತ್ತದೆ ಎಂದು ಬಂದ, ಹೃದಯದಲ್ಲಿ ದೋಷವಿಲ್ಲದ ಮೂವತ್ತು ಚಿಲ್ಲರೆ ತಾಯಂದಿರ ಬಗ್ಗೆ. ಅವರಲ್ಲಿ ಬಹುಪಾಲು ಜನ ಒಂದಾದರೂ ಕೂಸನ್ನು ಮಣ್ಣು ಮಾಡಿದವರು. ದಾವಲಬಿಯ ಅವ್ವನೂ ತಬ್ರೇಜನ ನಂತರ ಎರಡು ಕೂಸು ಕಳೆದುಕೊಂಡವಳು. ವಿದ್ಯಾವತಿಗೆ ಮತ್ತೆ ಫೋನ್ ಬಂತು.

"ವಿದ್ಯಾ, ಅವ್ವ ಸಿಕ್ಕಳು."

ಆ ದಿನವೇ ಅವಳು ಯುವರಾಜನಿಗೆ ತನ್ನ ತಪ್ಪು ಹೇಳಿ, ಮೂವತ್ತೊಂದರ ಪಟ್ಟಿ ಕೊಟ್ಟಳು. "ಆಯ್ತಕ್ಕ, ಹಾಕ್ತೇನಿ," ಎಂದ. ಅದೇ ವಾರ, ಗೈಡ್ ನೋಡಬೇಕಂತೆ ಎಂದು ವಹಿಯನ್ನೂ ತೆಗೆದುಕೊಂಡು ಹೋದ. ವಹಿ ತಿರುಗಿ ಬರಲಿಲ್ಲ. ಅವಳು ಎರಡು ಸಲ ಕೇಳಿದಳು, ಮೂರನೆಯ ಸಲ ಕೇಳಲು ಸಂಕೋಚಪಟ್ಟಳು.

ಕಳೆದ ಫೆಬ್ರವರಿಯ ಒಂದು ಗುರುವಾರ ದಾವಲಬಿ ಅರ್ಧ ದಿನ ರಜೆ ಹಾಕಿ, ಬಸ್ ಹಿಡಿದು, ಹೇಳದೆ ಕೇಳದೆ ಬಾಗೇವಾಡಿಯ ಆಸ್ಪತ್ರೆಗೆ ಬಂದಳು. ಕೈಯಲ್ಲಿ ಪ್ರಿಂಟ್ ತೆಗೆಸಿದ ಹಾಳೆಗಳಿದ್ದವು. ತನ್ನ ಪದಗಳಿಗೆ ಹೊಂದುವ ಹೊಸ ಲೇಖನ ಎಲ್ಲಿ ಬಂದರೂ ತನಗೆ ತಿಳಿಸುವಂತೆ ಅವಳು ತನ್ನ ಸ್ವಂತ ಇಮೇಲಿಗೆ ಸೂಚನೆ ಹಾಕಿಟ್ಟಿದ್ದಳು. ಆ ಬೆಳಿಗ್ಗೆ ಬಂದ ಸೂಚನೆ ತೆರೆದರೆ ಅದು ಯುವರಾಜನ ಲೇಖನ. ಅವಳ ಬಲೆಗೆ ಅವಳ ಕೆಲಸವೇ ಬಂದು ಬಿದ್ದಿತ್ತು.

ಹೆಸರುಗಳು ಮೂರು: ಯುವರಾಜ, ಅವನ ಗೈಡ್, ಗೈಡ್ ಅವರ ಸೊಸೆ. ಆ ಸೊಸೆ ಓದಿದ್ದು ಪ್ರಾಣಿಶಾಸ್ತ್ರ. 'ಹುಡುಕಾಟದ ಪದಗಳನ್ನು ಮೊದಲ ಲೇಖಕರು ರೂಪಿಸಿದರು' ಎಂದು ಒಳಗೆ ಇತ್ತು. ಅರವತ್ತೆರಡು ಮಾತುಗಳು ಅಚ್ಚುಕಟ್ಟಾದ ಒಂದು ಕೋಷ್ಟಕದಲ್ಲಿದ್ದವು, ಅವನ್ನು ಹಳ್ಳಿಗಳಿಂದ ಸಂಗ್ರಹಿಸಿದವನೂ ಮೊದಲ ಲೇಖಕನೇ. ಕೊನೆಯಲ್ಲಿ ಕಾಲೇಜಿನ ಸಿಬ್ಬಂದಿಗೆ ಕೃತಜ್ಞತೆ. ದಾವಲಬಿಯ ಬೆರಳು ಇದ್ಯಾವುದರ ಮೇಲೂ ನಿಲ್ಲಲಿಲ್ಲ. ಏಳನೆಯ ಪುಟದ ಒಂದು ಸಾಲಿನ ಮೇಲೆ ನಿಂತಿತು: 'ಈ ಭಾಗದ ತಾಯಂದಿರ ಕುರಿತು ಯಾವ ಅಧ್ಯಯನವೂ ಕಂಡುಬರಲಿಲ್ಲ.'

"ಎಪ್ಪತ್ನಾಲ್ಕನ ಹಾಕ್ಯಾನ," ಎಂದಳು. "ನನ್ನ ತಪ್ಪಿನ ಸುದ್ದಾ ಹಂಗ ಎತ್ತಿ ಇಟ್ಟಾನ. ಅವ್ವ ಮತ್ತ ಹೊರಗ ಉಳದ್ಲು."

"ಫೋನ್ ಹಚ್ಚು ಅಂವಗ," ಎಂದಳು ವಿದ್ಯಾವತಿ. ಅವಳ ಮೈ ಉರಿಯುತ್ತಿತ್ತು. ದಾವಲಬಿ ಸ್ಪೀಕರ್ ಹಾಕಿ ಮೇಜಿನ ಮೇಲೆ ಫೋನ್ ಇಟ್ಟಳು.

"ಹೇಳ್ರಿ ಅಕ್ಕ."

"ಪೇಪರ್ ನೋಡಿದೆ ಸರ್."

"ನಾನ ಹೇಳಬೇಕಂತಿದ್ದೆ ಅಕ್ಕ. ಗೈಡ್ ಸರ್ ಅಂದ್ರು, ಟೆಂಪರರಿ ಸ್ಟಾಫ್ ಹೆಸರು ಹಾಕಿದ್ರ ನಾಳೆ ಯಾರರ ಪ್ರಶ್ನಿ ಎತ್ತತಾರ ಅಂತ. ಮುಂದಿನ ಪೇಪರಿನ್ಯಾಗ ಖರೇನ ಹಾಕ್ತೇನಿ."

"ಮುಂದಿನದಕ್ಕ ನಾ ಯಾಕ ಬೇಕ್ರಿ? ವಹಿ ನಿಮ್ಮ ಕಡೆನ ಐತಲ್ಲ."

"ಹಂಗನಬ್ಯಾಡ್ರಿ. ನೀವು ನಮ್ಮ ಮನಿಯವ್ರಿದ್ದಂಗ."

"ಮನಿಯವ್ರ ಹೆಸರು ಹೊರಗ ಬರಿಯೂದಿಲ್ಲೇನ್ರಿ ನಿಮ್ಮಲ್ಲಿ?" ಎಂದು ಅವಳು ಫೋನ್ ಇಟ್ಟಳು.

ಲೇಖನ ಪ್ರಕಟಿಸಿದ ಪತ್ರಿಕೆಯ ಸಂಪಾದಕರಿಗೆ ಬರೆಯುವುದೆಂದು ಅಲ್ಲೇ ತೀರ್ಮಾನವಾಯಿತು. ದಾವಲಬಿ ಕನ್ನಡದಲ್ಲಿ ಹೇಳಿದಳು, ವಿದ್ಯಾವತಿ ಇಂಗ್ಲಿಷ್ ಮಾಡಿದಳು. ಹುಡುಕಾಟ ನನ್ನದು. ಅದರೊಳಗಿನ ತಪ್ಪೂ ನನ್ನದು. ಆ ಪದವನ್ನು ಯಾಕೆ ಸೇರಿಸಿದ್ದೆ, ಅದರಿಂದ ಏನು ಬಿಟ್ಟುಹೋಯಿತು ಎಂಬುದು ಇಲ್ಲಿದೆ. ಮೂವತ್ತೊಂದು ಲೇಖನಗಳ ಪಟ್ಟಿ ಇಲ್ಲಿದೆ.

"ತಪ್ಪ ನಿಂದಂತ ಯಾಕ ಬರಸ್ತಿ? ಹೆಸರಷ್ಟ ಕೇಳು," ಎಂದಳು ವಿದ್ಯಾವತಿ.

"ತಪ್ಪು ನಂದಲ್ಲ ಅಂದ್ರ ಕೆಲಸ ನಂದಂತ ಹೆಂಗ ಹೇಳ್ಲಿ?"

ಮೂರು ವಾರಕ್ಕೆ ಸಂಪಾದಕರ ಉತ್ತರ ಬಂತು. ಮರ್ಯಾದೆಯ ಪತ್ರ. ಹುಡುಕಾಟದ ದಾಖಲೆ ಇದೆಯೇ? ವಹಿ ಯುವರಾಜನ ಬಳಿ ಇತ್ತು. ಡೇಟಾಬೇಸಿನ ಖಾತೆ ನಿಮ್ಮ ಹೆಸರಿನಲ್ಲಿದೆಯೇ? ಅದೂ ಅವನ ಹೆಸರಿನಲ್ಲಿತ್ತು. ಈ ಕೆಲಸ ನೀವು ಮಾಡಿದ್ದನ್ನು ಕಣ್ಣಾರೆ ಕಂಡು, ಬರೆದು ಕೊಡಬಲ್ಲವರು ಯಾರಾದರೂ ಇದ್ದಾರೆಯೇ? ದಾವಲಬಿ ಒಂದು ಹೆಸರು ಕೊಟ್ಟಳು, ವಿದ್ಯಾವತಿಯದು. ದಾವಲಬಿಯ ಹೆಸರು ಲೇಖನದ ಮೇಲೆ ಬರುವುದೋ ಇಲ್ಲವೋ ಎನ್ನುವುದು ಆ ಒಬ್ಬಳ ಪತ್ರದ ಮೇಲೆ ನಿಂತಿತು.

ವಿದ್ಯಾವತಿ ಎರಡು ವರ್ಷದಿಂದ ಅದೇ ಗೈಡ್ ಕೈಕೆಳಗೆ ತಾನೂ ಪಿಎಚ್‌ಡಿಗೆ ನೋಂದಾಯಿಸಿಕೊಂಡಿದ್ದಳು. ಸಂಪಾದಕರು ಅವಳಿಗೂ ಲೇಖಕರಿಗೂ ಬರೆದ ಪತ್ರ ಬಂದ ಮರುದಿನ ಬೆಳಿಗ್ಗೆ ಗೈಡ್ ಅವರ ಫೋನ್ ಬಂತು. ಆರೋಗ್ಯ ವಿಚಾರಿಸಿದರು. ಅಧ್ಯಾಯ ಎಲ್ಲಿಗೆ ಬಂತು ಎಂದು ಕೇಳಿದರು. ಅವಳ ಮಗಳ ಹತ್ತನೆಯ ತರಗತಿಯ ಪರೀಕ್ಷೆಯ ಬಗ್ಗೆಯೂ ಕೇಳಿದರು. ಇಡುವ ಮುಂಚೆ, ಹೊಸದಾಗಿ ನೆನಪಾದವರಂತೆ ಹೇಳಿದರು:

"ಆ ಲೈಬ್ರರಿ ಹೆಣ್ಮಗಳು ನಿಮಗ ಪರಿಚಯಂತಲ್ಲಮ್ಮ. ಸಹಾಯ ಮಾಡಿರಬೇಕು ಪಾಪ. ಸಹಾಯ ಮಾಡಿದವರೆಲ್ಲಾ ಲೇಖಕರು ಆಗೂದಿಲ್ಲ, ಹೌದಲ್ಲೋ?"

"ಹೌದ್ರಿ ಸರ್," ಎಂದಳು ವಿದ್ಯಾವತಿ.

ಒಂಬತ್ತು ದಿನ ಅವಳು ಸಂಪಾದಕರಿಗೆ ಉತ್ತರ ಬರೆಯಲಿಲ್ಲ. ದಾವಲಬಿ ಒಂದು ಸಲವೂ ಅವಸರ ಮಾಡಲಿಲ್ಲ. ಬರೆಯುತ್ತಾಳೆ ಎಂಬುದರಲ್ಲಿ ಅವಳಿಗೆ ಸಂಶಯವೇ ಇರಲಿಲ್ಲ. ಹತ್ತನೆಯ ದಿನ ವಿದ್ಯಾವತಿ ಎರಡು ವಾಕ್ಯ ಬರೆದು ಕಳಿಸಿದಳು. 'ಈ ಸಂಶೋಧನೆಗೆ ಲೇಖನ ಹುಡುಕುವುದರಲ್ಲಿ ದಾವಲಬಿಯವರು ಸಹಾಯ ಮಾಡುತ್ತಿದ್ದದ್ದನ್ನು ಕಂಡಿದ್ದೇನೆ. ವಿವರಗಳು ನನಗೆ ತಿಳಿಯವು.' ಮೇಜಿನ ಮೇಲೆ ಸಾಲಾಗಿ ಇಟ್ಟ ಹಾಳೆಗಳನ್ನು ಕಂಡವಳು ಅವಳು. ಆ ಅರವತ್ತೆರಡು ಮಾತುಗಳಲ್ಲಿ ಅರ್ಧ ಅವಳ ಕಿವಿಯಿಂದ ಹೋದವು. ಅವ್ವ ಸಿಕ್ಕಳು ಎಂದದ್ದನ್ನು ಕೇಳಿದವಳು ಅವಳೊಬ್ಬಳೇ. ಅವಳಿಗೆ ತಿಳಿಯದ ವಿವರ ಒಂದೂ ಇರಲಿಲ್ಲ.

ಮೇ ತಿಂಗಳಲ್ಲಿ ಪತ್ರಿಕೆಯಲ್ಲಿ ತಿದ್ದುಪಡಿ ಬಂತು, ನಾಲ್ಕು ಸಾಲು. 'ಗ್ರಂಥಾಲಯ ಸಹಾಯಕರೊಬ್ಬರು ಮಾಡಿದ ಹುಡುಕಾಟದ ದೋಷದಿಂದ ಮೂವತ್ತೊಂದು ಲೇಖನಗಳು ಬಿಟ್ಟುಹೋಗಿದ್ದವು. ಅವನ್ನು ಈಗ ಸೇರಿಸಲಾಗಿದೆ. ಲೇಖಕರು ವಿಷಾದಿಸುತ್ತಾರೆ.' ಹುಡುಕಾಟ ಮೊದಲ ಲೇಖಕನದಾಗಿಯೇ ಉಳಿಯಿತು. ತಪ್ಪು ಮಾತ್ರ ಸಹಾಯಕಿಗೆ ಬಂತು. ಅಚ್ಚಿನಲ್ಲಿ ಅವಳು ಕಾಣಿಸಿಕೊಂಡದ್ದು ಅದೊಂದು ಸಲ, ಅದೂ ಹೆಸರಿಲ್ಲದೆ. ಸಂಪಾದಕರು ದಾವಲ‌ಬಿಗೆ ತಮ್ಮ ತೀರ್ಮಾನ ತಿಳಿಸುವಾಗ ವಿದ್ಯಾವತಿಯ ಎರಡು ವಾಕ್ಯಗಳನ್ನು ಪತ್ರದಲ್ಲಿ ಎತ್ತಿ ಹಾಕಿದ್ದರು.

ಆ ಮಧ್ಯಾಹ್ನ ಸಿಂದಗಿ ಬಸ್ ನಿಲ್ದಾಣದಿಂದ ಫೋನ್ ಬಂತು. ಹಿಂದೆ ಬಸ್ಸುಗಳ ಹೆಸರು ಕೂಗುವುದು ಕೇಳಿಸುತ್ತಿತ್ತು.

"ವಿದ್ಯಾ, ವಿವರ ತಿಳಿಯವು ಅಂತ ಬರದೀಯಂತಲ್ಲ."

"ದಾವಲಿ, ನನ್ನ ಪಿಎಚ್‌ಡಿ ಅವರ ಕಡೆನ ಐತಿ. ನಿನಗ ಗೊತ್ತೈತಲ್ಲ."

"ಗೊತ್ತೈತಿ. ನೀ ಹೇಳಿದ್ರ ಸಾಕಿತ್ತು. ನನ್ನಿಂದ ಆಗೂದಿಲ್ಲ, ಬ್ಯಾರೆಯವ್ರ ಹೆಸರು ಕೊಡು ಅಂದಿದ್ರ ಕೊಡ್ತಿದ್ದೆ."

"ಸುಳ್ಳಂತೂ ಬರದಿಲ್ಲ ನಾ."

"ಇಲ್ಲ. ಸುಳ್ಳು ಬರದಿಲ್ಲ," ಎಂದಳು ದಾವಲಬಿ. "ಅಂವ ಕಸಗೊಂಡ ವಿದ್ಯಾ. ಅಂವ ಪರರ ಮಗ. ನೀ ಕೈಯಾರೆ ಕೊಟ್ಟಬಿಟ್ಟಿ." ಇಂಡಿ ಬಸ್ ಬಂತು ಎಂದು ಫೋನ್ ಇಟ್ಟಳು.

ಆಮೇಲೆ ಅವಳಾಗಿ ಫೋನ್ ಮಾಡಲಿಲ್ಲ. ವಿದ್ಯಾವತಿ ಮಾಡಿದರೆ ಎತ್ತಲಿಲ್ಲ. ಬಕ್ರೀದಿಗೆ ಶುಭಾಶಯ ಕಳಿಸಿದ್ದಕ್ಕೆ 'ಶುಕ್ರಿಯಾ' ಎಂದು ಒಂದು ಪದ ಬಂತು. ಜುಲೈಯಲ್ಲಿ ಕಾಯಂ ಹುದ್ದೆಯ ಸಂದರ್ಶನ ನಡೆಯಿತೆಂದು ಬೇರೆಯವರಿಂದ ತಿಳಿಯಿತು. ಪ್ರಶ್ನೆ ಕೇಳಲು ಕುಳಿತವರಲ್ಲಿ ಒಬ್ಬರು, "ಆ ಪೇಪರಿನ್ಯಾಗ ತಪ್ಪು ಮಾಡಿದ ಸಹಾಯಕಿ ನೀವ ಏನ್ರಿ?" ಎಂದು ಕೇಳಿದರಂತೆ. "ಹೌದ್ರಿ, ನಾನ," ಎಂದಳಂತೆ. ಹುದ್ದೆ ಬೇರೆಯವರಿಗೆ ಹೋಯಿತು. ಅವಳು ಮತ್ತೊಂದು ಅರ್ಜಿ ಬರೆದು ಅದೇ ಕುರ್ಚಿಯಲ್ಲಿ ಕುಳಿತಳು. ಸೆಪ್ಟೆಂಬರಿನ ಎರಡನೆಯ ವಾರ, ಪುಸ್ತಕ ಜೋಡಿಸುತ್ತಿದ್ದವಳು ಕುಸಿದು ಬಿದ್ದಳು. ಮಿದುಳಿನಲ್ಲಿ ರಕ್ತಸ್ರಾವ. ಸೋಲಾಪುರ ಮುಟ್ಟುವ ಮೊದಲೇ ಹೋದಳು. ವಿದ್ಯಾವತಿಗೆ ಸುದ್ದಿ ತಿಳಿದದ್ದು ಹಳೆಯ ಪಿಯುಸಿ ಗೆಳತಿಯರ ವಾಟ್ಸಾಪ್ ಗುಂಪಿನಲ್ಲಿ. ಮಣ್ಣು ಆಗಿ ಎರಡು ದಿನವಾಗಿತ್ತು.

ನಲವತ್ತನೆಯ ದಿನದ ಫಾತೆಹಾ ಪ್ರಾರ್ಥನೆಗೆ ಅವಳು ಅಗರಖೇಡಕ್ಕೆ ಹೋದಳು. ಜನ ಊಟ ಮಾಡಿ ಎದ್ದ ಮೇಲೆ ತಬ್ರೇಜ ಅವಳನ್ನು ಪಡಸಾಲೆಯಲ್ಲಿ ಕೂರಿಸಿ, ತಾನೇ ಚಹಾ ತಂದುಕೊಟ್ಟ. ತಂದೆಯ ಕೆಲಸವನ್ನೇ ಮಾಡಿಕೊಂಡಿದ್ದವನು, ಉಗುರಿನಲ್ಲಿ ಗ್ರೀಸು.

"ಯುವರಾಜ ಸರ್ ಬಂದಿದ್ರು ವಿದ್ಯಾಕ್ಕ, ಹೋದ ತಿಂಗಳು. ಭಾಳ ಅತ್ರು. ನಿಮ್ಮ ಅಕ್ಕ ಇರದಿದ್ರ ನಾ ಡಾಕ್ಟರೇಟ್ ಮಾಡ್ತಿದ್ದಿಲ್ಲ ಅಂದ್ರು."

ವಿದ್ಯಾವತಿ ಕಪ್ಪನ್ನು ಕೆಳಗಿಟ್ಟಳು.

"ಒಂದು ಮಾತು ಕೇಳ್ತೇನ್ರಿ. ಅವ್ವನ ಬಗ್ಗೆ ಕಾಗದ ಛಾಪಾ ಆಗತೈತಿ, ನನ್ನ ಹೆಸರಿರತೈತಿ ಅಂತಿದ್ಲು ಅಕ್ಕ. ನನಗ ಇಂಗ್ಲಿಷ್ ಬರೂದಿಲ್ಲ. ನಿಮ್ಮ ಫೋನಿನ್ಯಾಗ ತಗದು ಅಕಿ ಹೆಸರಿದ್ದ ಜಾಗಾ ತೋರಸ್ರಿ. ಆ ಪುಟ ಕಟ್ಟು ಹಾಕಿಸಿ ಮನ್ಯಾಗ ಇಡ್ತೇನಿ."

ಅವಳು ಫೋನ್ ತೆಗೆದಳು. ಲೇಖನ ಸಿಕ್ಕಿತು. ಮೊದಲ ಪುಟದ ಮೂರು ಹೆಸರುಗಳನ್ನು ನೋಡುತ್ತ ಕುಳಿತಳು. ತಬ್ರೇಜ ಪಕ್ಕಕ್ಕೆ ಬಂದು ಬಗ್ಗಿ ನಿಂತಿದ್ದ.

"ಹೆಸರಿಲ್ಲ ತಬ್ರೇಜ."

"ಇಲ್ಲಂದ್ರ?"

"ಹುಡುಕಿದ್ದೆಲ್ಲ ಅಕಿ. ಹೆಸರು ಬ್ಯಾರೆಯವ್ರವು."

"ಯುವರಾಜ ಸರ್ ಹಂಗ ಅತ್ರಲ್ರಿ ಮತ್ತ?" ಅವನು ನೆಟ್ಟಗೆ ನಿಂತ. "ಇದನ್ನ ಯಾರೂ ಕೇಳಲಿಲ್ಲೇನ್ರಿ?"

"ಕೇಳಿದ್ರು. ಅಕಿ ಬರದ್ಲು, ಅದಕ್ಕ ಕೇಳಿದ್ರು. ನೀವು ಕಂಡೀರೇನು, ಬರದು ಕೊಡ್ತೀರೇನು ಅಂತ. ನನ್ನನ್ನ ಕೇಳಿದ್ರು."

ಅವಳು ಎಲ್ಲ ಹೇಳಿದಳು. ಗೈಡ್ ಅವರ ಫೋನು, ಒಂಬತ್ತು ದಿನ, ಎರಡು ವಾಕ್ಯ. ವಿವರಗಳು ತಿಳಿಯವು ಎಂದು ಬರೆದದ್ದನ್ನು ಹೇಳುವಾಗ ಅವನ ಮುಖ ನೋಡಲು ಆಗಲಿಲ್ಲ. ಮುಗಿದ ಮೇಲೆ ಅವನು ಒಂದೇ ಮಾತು ಕೇಳಿದ.

"ನೀವು ಬರದದ್ದು ಅಕ್ಕಗ ಗೊತ್ತಿತ್ತೇನ್ರಿ?"

"ಗೊತ್ತಿತ್ತು."

"ಮನ್ಯಾಗ ಹೇಳಲಿಲ್ಲಕಿ. ಈ ಸಲ ಬಕ್ರೀದಿಗೆ ವಿದ್ಯಾ ಯಾಕ ಬರಲಿಲ್ಲ ಅಂತ ಅಪ್ಪ ಕೇಳಿದ್ರ, ಅಕಿಗೆ ಓದೂದೈತಿ ಅಂದ್ಲು."

ಅವನು ಒಳಗೆ ಹೋಗಿ, ಪಂಪ್‌ಸೆಟ್ಟಿನ ಕೆಲಸ ಬರೆದಿಡುವ ಪುಸ್ತಕದಿಂದ ನಾಲ್ಕು ಖಾಲಿ ಹಾಳೆ ಹರಿದು ತಂದ. ಪೆನ್ನೂ ತಂದ. ಚಹಾದ ಕಪ್ಪನ್ನು ಸರಿಸಿ ಅವಳ ಮುಂದೆ ಇಟ್ಟ.

"ಈಗ ನನಗ ಹೇಳಿದ್ರಲ್ಲ, ಅದನ್ನ ಬರೀರಿ. ನನಗ ಓದಾಕ ಬರಬೇಕು, ಕನ್ನಡದಾಗ ಬರೀರಿ. ಕೆಳಗ ನಿಮ್ಮ ಹೆಸರು ಹಾಕ್ರಿ."

"ನಾಲ್ಕು ಹಾಳಿ ಸಾಲೂದಿಲ್ಲ," ಎಂದಳು ವಿದ್ಯಾವತಿ.

ಅವನು ಇಡೀ ಪುಸ್ತಕವನ್ನೇ ತಂದು ಇಟ್ಟು ಒಳಗೆ ಹೋದ. ಅವಳು ಬರೆದು, ಕೆಳಗೆ ಹೆಸರು ಹಾಕಿ ಬಸ್ಸಿಗೆ ಹೊರಡುವವರೆಗೂ ಅವನು ಹೊರಗೆ ಬರಲಿಲ್ಲ.